ಪದ ಬಂತು, ವಾಕ್ಯ ಬರಲಿಲ್ಲ!

ನಮ್ಮ ಮನೆಯಲ್ಲಿದ್ದುಕೊಂಡು ನೌಕರಿ ಹುಡುಕುತ್ತಿದ್ದ ನನ್ನ ಸೋದರಳಿಯ ಒಂದು ಸಂಜೆ ಅರ್ಜಿಯ ಕರಡನ್ನು ತಂದು ತೋರಿಸಿದ. ಅಕ್ಷರಗಳು ಮುತ್ತಿನಂತಿದ್ದುವು; ವಿನಯಕ್ಕೂ ಕೊರತೆಯಿರಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ, ಆಯ್ಕೆಯ ವಿಷಯದಲ್ಲಿ ತಾನು ಬಹಳ 'ಸ್ಯಾಂಗ್ವಿನರಿ' ಆಗಿರುವುದಾಗಿ ಬರೆದಿದ್ದ. ಅವನು ಹೇಳಬೇಕೆಂದಿದ್ದುದು 'ಸ್ಯಾಂಗ್ವಿನ್', ಅಂದರೆ ಭರವಸೆಯುಳ್ಳವನು ಎಂದು. ಬರೆದುದರ ಅರ್ಥವೋ, ರಕ್ತಪಿಪಾಸು ಎಂದು! ನನಗೆ ನಗು ತಡೆಯಲಾಗಲಿಲ್ಲ. ಹುಡುಗನ ಮುಖ ಬಾಡಿತು.

"ನಿಘಂಟಿನಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ, ಮಾವ. ಮುನ್ನೂರು ಪದ ಬಾಯಿಪಾಠ ಮಾಡಿದ್ದೇನೆ. ಒಂದನ್ನಾದರೂ ಬರೆಯಬೇಡವೆ?" ಎಂದ.

ನಕ್ಕದ್ದು ತಪ್ಪಾಯಿತೆನಿಸಿತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗನಿಗೆ ಇಂಗ್ಲಿಷಿನ ದೊಡ್ಡ ಪದವೆಂದರೆ ಎರವಲು ತಂದ ಕೋಟಿನಂತೆ. ಮೈಗೆ ಹೊಂದುವುದೋ ಇಲ್ಲವೋ, ಅದಿಲ್ಲದೆ ಹೋದರೆ ಬಾಗಿಲಲ್ಲೇ ತಡೆದಾರೆಂಬ ಅಂಜಿಕೆ.

ಇಬ್ಬರೂ ಕುಳಿತು ಆ ಪದಗಳ ಮೂಲವನ್ನು ಹುಡುಕಿದೆವು. ಎರಡೂ 'ರಕ್ತ' ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ದಾಯಾದಿಗಳು. ದೇಹದಲ್ಲಿ ನಾಲ್ಕು ರಸಗಳುಂಟೆಂದೂ ಅವುಗಳ ಏರಿಳಿತದಿಂದಲೇ ಮನುಷ್ಯನ ಸ್ವಭಾವವೆಂದೂ ಯುರೋಪಿನ ಪ್ರಾಚೀನ ವೈದ್ಯರು ನಂಬಿದ್ದರು. ರಕ್ತ ಹೆಚ್ಚಿದವನು ಕೆಂಪು ಕೆನ್ನೆಯ ಉಲ್ಲಾಸಿ, 'ಸ್ಯಾಂಗ್ವಿನ್'. ಕಫ ಹೆಚ್ಚಿದವನು ಯಾವುದಕ್ಕೂ ಜಗ್ಗದ 'ಫ್ಲೆಗ್ಮ್ಯಾಟಿಕ್'. ಹಳದಿ ಪಿತ್ತದವನು ಮುಂಗೋಪಿ, 'ಕಾಲರಿಕ್'. ಕಪ್ಪು ಪಿತ್ತದವನು ಸದಾ ಖಿನ್ನನಾದ 'ಮೆಲಂಕಲಿಕ್'. ಊರಿನಿಂದ ಬಂದಿದ್ದ ನನ್ನ ಅಕ್ಕ ಇದನ್ನೆಲ್ಲ ಕೇಳುತ್ತಿದ್ದವಳು, "ನಾವೂ ಪಿತ್ತ ನೆತ್ತಿಗೇರಿತು ಅನ್ನುವುದಿಲ್ಲವೇನೊ?" ಎಂದಳು. ವಾತ, ಪಿತ್ತ, ಕಫಗಳ ನಾಡಿನವರಿಗೆ ಇದೇನು ಹೊಸತೆ! ಒಂದು ಪದವನ್ನು ತಿದ್ದಹೋದವನಿಗೆ ನಾಲ್ಕು ದಕ್ಕಿದುವು. ಅವನ್ನು ಮನೆಯವರಿಗೆಲ್ಲ ಹಂಚುವ ಕೆಲಸವೂ ನಡೆಯಿತು. ನನ್ನ ಪಾಲಿಗೆ ಬಂದುದು ಯಾವುದೆಂದು ಇಲ್ಲಿ ಹೇಳಲಾರೆ.

ಆದರೆ ಅರ್ಥ ತಿಳಿದ ಮಾತ್ರಕ್ಕೆ ವಾಕ್ಯ ಹುಟ್ಟದು. ಪ್ರತಿಯೊಂದು ಪದಕ್ಕೂ ತನ್ನದೇ ನೆಂಟರಿಷ್ಟರಿದ್ದಾರೆ. 'ಸ್ಯಾಂಗ್ವಿನ್' ಎಂಬುದು 'ಅಬೌಟ್' ಎಂಬುದರ ಕೈಹಿಡಿದು ನಡೆಯುತ್ತದೆ. ಇನ್ನು 'ಸಜೆಸ್ಟ್' ನೋಡಿ. 'ಅವನಿಗೆ ಹೋಗಲು ಸೂಚಿಸಿದೆ' ಎಂಬ ನಮ್ಮ ಮಾತನ್ನು ಹಾಗೆಯೇ ತಿರುಗಿಸಿ 'ಐ ಸಜೆಸ್ಟೆಡ್ ಹಿಮ್ ಟು ಗೋ' ಎಂದುಬಿಡುತ್ತೇವೆ. ಅದು ಸಲ್ಲದು, 'ದಟ್ ಹಿ ಶುಡ್ ಗೋ' ಎನ್ನಬೇಕು. 'ಅಡ್ವೈಸ್' ಎಂಬ ಪದಕ್ಕಾದರೋ 'ಹಿಮ್ ಟು ಗೋ' ಒಪ್ಪುತ್ತದೆ. ಕಾರಣ ಕೇಳಿದರೆ ರೂಢಿಯೆನ್ನದೆ ಗತಿಯಿಲ್ಲ.

ಈ ತೊಡಕನ್ನು ಚೆನ್ನಾಗಿ ಅರಿತಿದ್ದವರು ಎ. ಎಸ್. ಹಾರ್ನ್‌ಬಿ. 1924ರಲ್ಲಿ ಜಪಾನಿಗೆ ಹೋಗಿ ಅಧ್ಯಾಪಕರಾದ ಆಂಗ್ಲರು ಇವರು. ಜಪಾನೀ ಭಾಷೆಯಲ್ಲೂ ಕನ್ನಡದಂತೆ ಕ್ರಿಯಾಪದದ ಸ್ಥಾನ ವಾಕ್ಯದ ಕೊನೆಯಲ್ಲೇ. ಆದುದರಿಂದ ಅಲ್ಲಿಯ ವಿದ್ಯಾರ್ಥಿಗಳ ಪರದಾಟ ನಮ್ಮದಕ್ಕಿಂತ ಬಹಳ ಬೇರೆಯಲ್ಲ. ಇಂಗ್ಲಿಷ್ ಕ್ರಿಯಾಪದಗಳನ್ನು 25 ವಾಕ್ಯಮಾದರಿಗಳಲ್ಲಿ ವಿಂಗಡಿಸಿ, ಇಬ್ಬರು ಸಹೋದ್ಯೋಗಿಗಳೊಡನೆ ಹಾರ್ನ್‌ಬಿ ರಚಿಸಿದ ನಿಘಂಟು 1942ರಲ್ಲಿ ಟೋಕಿಯೋ ನಗರದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಮತ್ತೆ ಪ್ರಕಟಿಸಿತು. ಇಂದು ನಮ್ಮ ಮಕ್ಕಳು ಬಳಸುವ 'ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ' ಅದರದೇ ಸಂತಾನ.

ದೊಡ್ಡ ಪದ ಬಾರದೆಂದು ಕೊರಗುವವರಿಗೆ ಮತ್ತೊಂದು ಸಂಗತಿ. ಢಾಕಾದಲ್ಲಿ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ ತಮ್ಮ 1935ರ ನಿಘಂಟಿನಲ್ಲಿ ಸುಮಾರು 24,000 ಪದಗಳನ್ನು ಬರೀ 1,490 ಸರಳ ಪದಗಳಿಂದಲೇ ವಿವರಿಸಿದ್ದರು.

ಮುನ್ನೂರು ಪದಗಳ ಪಟ್ಟಿಯನ್ನು ಬದಿಗಿಡಿಸಿದೆ. ದಿನಕ್ಕೊಂದು ಪದ ಸಾಕು. ಆದರೆ ಅರ್ಥವನ್ನು ಬರೆಯಕೂಡದು, ಮನೆಯ ಸಂಗತಿಯನ್ನೇ ಕುರಿತು ಒಂದು ಪೂರ್ಣ ವಾಕ್ಯವನ್ನು ಬರೆಯಬೇಕು. ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಅದನ್ನು ಮತ್ತೆ ನೋಡಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಅವು ಎಷ್ಟು ಬೇಗ ಮರೆತುಹೋಗುತ್ತವೆಂದು 1885ರಲ್ಲಿ ತೋರಿಸಿದ. ಬಹುಭಾಗ ಮೊದಲೆರಡು ದಿನಗಳಲ್ಲೇ ಜಾರಿಹೋಗಿತ್ತು. ವಾಕ್ಯವಿಲ್ಲದ ಪದಪಟ್ಟಿ ಅಂಥ ಅಕ್ಷರಗುಚ್ಛಕ್ಕಿಂತ ಹೆಚ್ಚಿನದೇನಲ್ಲವೆಂದು ನನ್ನ ಎಣಿಕೆ.

ಅರ್ಜಿಗೆ ಇನ್ನೂ ಕಾಲಾವಕಾಶವಿತ್ತು. ಹತ್ತು ದಿನಗಳಾದ ಮೇಲೆ ಹುಡುಗ ನೋಟ್‌ಬುಕ್ ತಂದು ಮುಂದಿಟ್ಟ. 'ಮೈ ಮದರ್ ಈಸ್ ಸ್ಯಾಂಗ್ವಿನ್ ಅಬೌಟ್ ದಿಸ್ ಜಾಬ್. ಐ ಆಮ್ ನಾಟ್' ಎಂದಿತ್ತು. ತಿದ್ದಲು ಏನೂ ಇರಲಿಲ್ಲ. ಅರ್ಜಿಯ ಕೊನೆಯ ಸಾಲನ್ನು ತಾನೇ ಹೊಡೆದುಹಾಕಿ, 'ಐ ಹೋಪ್' ಎಂದಷ್ಟೇ ಸೇರಿಸಿ, ಅಂಚೆಗೆ ಹಾಕಿಬಂದ.