ನಿಮಗಿದು ಗೊತ್ತೇ? ಶಾಪಕ್ಕಿಂತ ಹಳೆಯದು ತಲಕಾಡಿನ ಕಥೆ

ತಿ. ನರಸೀಪುರ ತಾಲ್ಲೂಕಿನ ತಲಕಾಡು ಎಂದೊಡನೆ ನಮಗೆ ನೆನಪಾಗುವುದು ‘ತಲಕಾಡು ಮರಳಾಗಲಿ’ ಎಂಬ ಅಲಮೇಲಮ್ಮನ ಶಾಪ. ಆದರೆ ಊರಿನ ಇತಿಹಾಸ ಅದಕ್ಕಿಂತ ಸಾವಿರ ವರ್ಷ ಹಿಂದಿನದು.

● ಇಂದು ಕಾವೇರಿ ದಂಡೆಯ ಗ್ರಾಮವಾಗಿರುವ ತಲಕಾಡು ಗಂಗರ ರಾಜಧಾನಿಯಾಗಿತ್ತು. ಮೊದಲು ಕೋಲಾರದಿಂದ ಆಳುತ್ತಿದ್ದ ಅವರು ಆಮೇಲೆ ಇಲ್ಲಿ ನೆಲೆಯೂರಿದರು.

● ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಇದೇ ತಲಕಾಡಿನ ಗಂಗರ ಮಂತ್ರಿ.

● 11ನೇ ಶತಮಾನದ ಆರಂಭದಲ್ಲಿ ಊರನ್ನು ಗೆದ್ದ ಚೋಳರು ಇದಕ್ಕೆ ರಾಜರಾಜಪುರ ಎಂದು ಹೆಸರಿಟ್ಟಿದ್ದರು.

● 1116ರ ಸುಮಾರಿಗೆ ಚೋಳರನ್ನು ಇಲ್ಲಿಂದ ಓಡಿಸಿದ ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿದ. ಆ ಬಿರುದನ್ನು ತನ್ನ ಚಿನ್ನದ ನಾಣ್ಯಗಳ ಮೇಲೆ ಕನ್ನಡ ಅಕ್ಷರಗಳಲ್ಲೇ ಅಚ್ಚು ಹಾಕಿಸಿದ. ಗೆಲುವಿನ ಗುರುತಾಗಿ ಕಟ್ಟಿಸಿದ್ದು ಕೀರ್ತಿನಾರಾಯಣ ದೇವಾಲಯ.

● ವೈದ್ಯೇಶ್ವರ ದೇವಾಲಯಕ್ಕೆ ಹೋದವರು ಮೂರ್ತಿಗೆ ಕೈಮುಗಿದು ಹೊರಟುಬಿಡಬೇಡಿ. ಚಾವಣಿಯ ಮೂಲೆಯತ್ತ ಕತ್ತೆತ್ತಿ ನೋಡಿ: ಒಂದಕ್ಕೊಂದು ಕೊಂಡಿಯಾಗಿ ತೂಗುವ ಬಳೆಗಳ ಸರಪಳಿ ಇದೆ. ಅದು ಕಬ್ಬಿಣದ್ದಲ್ಲ, ಕಲ್ಲಿನದು.

● ಇಲ್ಲಿನ ಪಂಚಲಿಂಗಗಳೆಂದರೆ ಐದು ಶಿವಾಲಯಗಳು: ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ. ಕಾರ್ತಿಕ ಸೋಮವಾರ ಪಂಚಾಂಗದ ಅಪರೂಪದ ಕುಹಯೋಗ ಕೂಡಿಬಂದಾಗ ಮಾತ್ರ ಪಂಚಲಿಂಗ ದರ್ಶನ ಉತ್ಸವ. 2013ರ ನಂತರ ಅದು ನಡೆದದ್ದು 2020ರ ಡಿಸೆಂಬರ್‌ನಲ್ಲಿ.

● 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಕಾಲಕ್ಕೆ ಶಾಪದ ಐತಿಹ್ಯ ತಳುಕು ಹಾಕಿಕೊಂಡಿದೆ. ಆದರೆ ಊರು ಮರಳಲ್ಲಿ ಹೂತುಹೋದದ್ದಕ್ಕೆ ವಿಜ್ಞಾನಿಗಳು ಬೊಟ್ಟು ಮಾಡುವುದು ಬೇರೆ ಕಡೆಗೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಅಣೆಕಟ್ಟು ಕಟ್ಟಿದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ತಗ್ಗಿತು, ಮರಳು ಬಯಲಾಯಿತು. ಅದನ್ನು ಗಾಳಿ ಹೊತ್ತು ತಂದು ಊರಿನ ಮೇಲೆ ಸುರಿಯಿತು ಎಂಬುದು ಅವರ ವಿವರಣೆ. ಅದೇ ಅಣೆಕಟ್ಟಿನ ನಾಲೆ ಇಂದಿಗೂ ಈ ಭಾಗದ ಗದ್ದೆಗಳಿಗೆ ನೀರುಣಿಸುತ್ತಿದೆ.

● ಇಲ್ಲಿ ಕೆಲವು ಗುಡಿಗಳಿಗೆ ಮೆಟ್ಟಿಲು ಹತ್ತಿ ಹೋಗುವಂತಿಲ್ಲ, ಇಳಿದೇ ಹೋಗಬೇಕು. ಸುತ್ತಲಿನ ಮರಳು ಅಷ್ಟು ಎತ್ತರಕ್ಕೆ ಪೇರಿಕೊಂಡಿದೆ. ಮರಳು ಹಾರದಂತೆ ತಡೆಯಲು ದಿಬ್ಬಗಳ ಮೇಲೆ ಮರ ಬೆಳೆಸಲಾಗಿದೆ.

● 1992–93ರಲ್ಲಿ ಇಲ್ಲಿ ಪುರಾತತ್ವ ಉತ್ಖನನ ನಡೆಯಿತು. ನಾವು ನಡೆದಾಡುವ ಮರಳಿನಡಿ ಇನ್ನೂ ಎಷ್ಟೋ ಉಳಿದಿದೆ.

ಮಕ್ಕಳಿಗೆ ಶಾಪದ ಕಥೆ ಹೇಳೋಣ, ಜೊತೆಗೆ ಗಂಗರ ಕಥೆಯನ್ನೂ ಹೇಳೋಣ. ಕಲ್ಲುಗಳ ಮೇಲೆ ಹೆಸರು ಗೀಚಬೇಡಿ, ಮರಳಲ್ಲಿ ಪ್ಲಾಸ್ಟಿಕ್ ಬಿಸಾಡಬೇಡಿ. ತಲಕಾಡನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.