ಮನೆಯ ಕಾರ್ಡ್‌ಲೆಸ್ ದೂರವಾಣಿ: ಸೌಲಭ್ಯಗಳು ಮತ್ತು ಮಳೆಗಾಲದ ಎಚ್ಚರಿಕೆ

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ದಟ್ಟ ಅಡವಿಯಿಂದ ಕೂಡಿದೆ. ಭೀಮಗಡ ವನ್ಯಜೀವಿ ಧಾಮದ ಒಳಗೂ ಅಂಚಿನಲ್ಲೂ ಇರುವ ಹಲವು ಹಳ್ಳಿಗಳಲ್ಲಿ ಮೊಬೈಲ್ ನೆಟ್‌ವರ್ಕ್ ಸರಿಯಾಗಿ ದೊರೆಯುವುದಿಲ್ಲ. ಆದ್ದರಿಂದ ತಂತಿಯಾಗಲಿ ಫೈಬರ್ ಆಗಲಿ ತಲುಪಿರುವ ಊರುಗಳಲ್ಲಿ ಮನೆಯ ದೂರವಾಣಿಗೆ ಇನ್ನೂ ಬೆಲೆಯುಂಟು. ಬೆಳಗಾವಿಯ ಪೇಟೆಗೆ ತರಕಾರಿ ಕಳಿಸುವವರಿಗೂ, ಮನೆಯಲ್ಲಿ ಹಿರಿಯರನ್ನು ಬಿಟ್ಟು ಹೊಲಕ್ಕೆ ಹೋಗುವವರಿಗೂ ಇದು ಆಸರೆ. ಇಂಥ ಅನೇಕ ಮನೆಗಳಲ್ಲಿ ಹಳೆಯ ತಂತಿಯ ಫೋನಿನ ಜಾಗಕ್ಕೆ ಕಾರ್ಡ್‌ಲೆಸ್ ಫೋನು ಬಂದಿದೆ. ಆದರೆ ಅದರ ಗುಂಡಿಗಳಲ್ಲಿ ಅರ್ಧವನ್ನು ಯಾರೂ ಮುಟ್ಟುವುದಿಲ್ಲ. ಅದರ ಮುಖ್ಯ ದೋಷವೂ ಅಪಾಯ ಬಂದ ದಿನದವರೆಗೆ ತಿಳಿಯುವುದಿಲ್ಲ.

ಈ ಉಪಕರಣದಲ್ಲಿ ಎರಡು ಭಾಗಗಳಿವೆ. ಬೇಸ್ ಎಂದು ಕರೆಯುವ ಪೀಠಕ್ಕೆ ದೂರವಾಣಿಯ ತಂತಿಯೂ ವಿದ್ಯುತ್ತಿನ ತಂತಿಯೂ ಬರುತ್ತವೆ. ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್ ರೇಡಿಯೋ ಅಲೆಗಳ ಮೂಲಕ ಪೀಠದೊಡನೆ ಮಾತ್ರ ಮಾತನಾಡುತ್ತದೆ. ಇದು ಮೊಬೈಲ್ ಅಲ್ಲ. ಪೀಠದಿಂದ ದೂರ ಹೋದರೆ ದನಿ ಕಡಿದುಹೋಗುವುದು. ಡಬ್ಬಿಯ ಮೇಲೆ ಬಯಲಿನಲ್ಲಿ ೩೦೦ ಮೀಟರ್, ಮನೆಯೊಳಗೆ ೫೦ ಮೀಟರ್ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಖಾನಾಪುರದ ಕಡೆಯ ದಪ್ಪನೆಯ ಕೆಂಪುಕಲ್ಲಿನ ಗೋಡೆಗಳ ಮನೆಯಲ್ಲಿ ಅಷ್ಟು ದೂರವನ್ನು ನಂಬಕೂಡದು. ಒಂದು ಗೋಡೆ ದಾಟಿದಂತೆಲ್ಲ ಅಲೆಯ ಬಲ ಕುಗ್ಗುತ್ತದೆ. ಕೋಟೆಯಂಥ ಗೋಡೆ ಕಳ್ಳರಿಗೆ ಒಳ್ಳೆಯದು, ಫೋನಿಗೆ ಅಲ್ಲ! ಪೀಠವನ್ನು ಪಡಸಾಲೆಯ ನಡುವೆ, ಎದೆಮಟ್ಟಕ್ಕಿಂತ ಎತ್ತರದಲ್ಲಿ, ಕಬ್ಬಿಣದ ಕಪಾಟು ಮತ್ತು ಟಿ.ವಿ.ಯಿಂದ ದೂರವಿಡಬೇಕು. ದನದ ಕೊಟ್ಟಿಗೆಗೆ ತಗಡಿನ ಗೋಡೆಯಿದ್ದರೆ ಅಲ್ಲಿ ನಿಂತು ಒಮ್ಮೆ ಮಾತನಾಡಿ ಪರೀಕ್ಷಿಸುವುದು ಲೇಸು.

ಈಗ ಮುಖ್ಯ ವಿಷಯ. ಹಳೆಯ ತಾಮ್ರದ ತಂತಿಯ ಫೋನಿಗೆ ಬೇಕಾದ ಸುಮಾರು ೪೮ ವೋಲ್ಟ್ ವಿದ್ಯುತ್ತು ದೂರವಾಣಿ ಕೇಂದ್ರದ ಬ್ಯಾಟರಿಯಿಂದಲೇ ಬರುತ್ತದೆ. ಊರಿನಲ್ಲಿ ದೀಪ ಆರಿದರೂ ಅದು ನಡೆಯುತ್ತದೆ. ಕಾರ್ಡ್‌ಲೆಸ್ ಪೀಠ ಹಾಗಲ್ಲ, ಅದು ಮನೆಯ ಕರೆಂಟನ್ನೇ ನಂಬಿದೆ. ಕರೆಂಟು ಹೋದೊಡನೆ ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತುಂಬಿದ್ದರೂ, ಪರದೆಯಲ್ಲಿ ಬೆಳಕು ಬಂದರೂ, ಕರೆ ಹೋಗುವುದಿಲ್ಲ. ಜುಲೈ ತಿಂಗಳ ಮಳೆಗೆ ಮರ ಬಿದ್ದು ತಂತಿ ಹರಿದ ರಾತ್ರಿಯಲ್ಲಿ, ಬಸುರಿಗೆ ನೋವು ಬಂದಾಗ ಅಥವಾ ಗದ್ದೆಯಲ್ಲಿ ಹಾವು ಕಚ್ಚಿದಾಗ, ಈ ಸಂಗತಿ ತಿಳಿದರೆ ಫಲವಿಲ್ಲ. ಹಗಲಿನಲ್ಲಿಯೇ ಪೀಠದ ಪ್ಲಗ್ ಕಿತ್ತು ನೋಡಿರಿ. ತಾಮ್ರದ ತಂತಿಯಿರುವವರು ಹಳೆಯ ಫೋನನ್ನು ಗುಜರಿಗೆ ಹಾಕದೆ ಅದೇ ಲೈನಿಗೆ ಜೋಡಿಸಿಡಬೇಕು. ಫೈಬರ್ ಬಂದಿರುವ ಮನೆಯಲ್ಲಿ ಇದೂ ಸಾಲದು. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯೇ ಕರೆಂಟಿನಿಂದ ನಡೆಯುವುದರಿಂದ, ಪೆಟ್ಟಿಗೆಯನ್ನೂ ಪೀಠವನ್ನೂ ಇನ್ವರ್ಟರಿಗೆ ಅಥವಾ ತಕ್ಕ ವೋಲ್ಟೇಜಿನ ಚಿಕ್ಕ ಯು.ಪಿ.ಎಸ್.ಗೆ ಜೋಡಿಸಬೇಕಾಗುವುದು.

ಸಂಖ್ಯೆಗಳನ್ನು ನೆನಪಿನಲ್ಲಿ ತುಂಬಿಡುವ ಸೌಲಭ್ಯ ಬಹಳ ಉಪಯುಕ್ತ. ೨೦೨೧ರ ಜನವರಿ ೧೫ರಿಂದ ಮನೆಯ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ ಬಂದಿದೆ. ಅದಕ್ಕೂ ಮೊದಲು ತುಂಬಿಟ್ಟ ಮೊಬೈಲ್ ಸಂಖ್ಯೆಗಳಿಗೆ ಸೊನ್ನೆ ಸೇರಿಸಿ ತಿದ್ದಿಕೊಳ್ಳಿರಿ. ತುರ್ತು ನೆರವಿನ ೧೧೨, ಆಂಬುಲೆನ್ಸಿನ ೧೦೮, ಪಶುವೈದ್ಯರ ೧೯೬೨, ವಿದ್ಯುತ್ ದೂರಿನ ೧೯೧೨ ಇವುಗಳನ್ನು ತುಂಬಿ, ಪೀಠದ ಪಕ್ಕದ ಗೋಡೆಯ ಮೇಲೆಯೂ ದೊಡ್ಡ ಅಕ್ಷರದಲ್ಲಿ ಬರೆದಿಡಬೇಕು. ಕಣ್ಣು ಮಂಜಾದ ಅಜ್ಜಿಗೆ ಪರದೆಗಿಂತ ಗೋಡೆಯೇ ವಾಸಿ.

ಬೆಳೆಯ ರೋಗ, ಕೀಟದ ಬಗ್ಗೆ ಕೇಳಲು ೨೦೦೪ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ ಸಂಖ್ಯೆ ೧೮೦೦-೧೮೦-೧೫೫೧. ಕರೆಗೆ ಹಣವಿಲ್ಲ, ಕನ್ನಡದಲ್ಲಿ ಉತ್ತರ ದೊರೆಯುವುದು. ಇಂಥ ಕಡೆ ಧ್ವನಿಮುದ್ರಿತ ದನಿ ‘ಇಂಥ ಅಂಕಿ ಒತ್ತಿ’ ಎಂದಾಗ, ಒತ್ತಿದರೂ ಏನೂ ಆಗದಿದ್ದರೆ ಫೋನು ಪಲ್ಸ್ ಕ್ರಮದಲ್ಲಿದೆಯೆಂದು ತಿಳಿಯಬೇಕು. ಸೆಟ್ಟಿಂಗಿನಲ್ಲಿ ಟೋನ್ ಕ್ರಮಕ್ಕೆ ಬದಲಿಸಿರಿ. ಹಲವು ಮಾದರಿಗಳಲ್ಲಿ ನಕ್ಷತ್ರದ ಗುಂಡಿ ಒತ್ತಿದರೆ ಆ ಕರೆಯ ಮಟ್ಟಿಗೆ ಬದಲಾಗುತ್ತದೆ. ಸ್ಪೀಕರ್ ಗುಂಡಿ ಒತ್ತಿದರೆ ರೋಗ ಬಿದ್ದ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಲಕ್ಷಣ ಹೇಳಬಹುದು, ಔಷಧಿಯ ಪ್ರಮಾಣವನ್ನು ಮನೆಯವರು ಬರೆದುಕೊಳ್ಳಬಹುದು.

ಹ್ಯಾಂಡ್‌ಸೆಟ್ ಹುಲ್ಲಿನ ಬಣವೆಯಲ್ಲೋ ಹಾಸಿಗೆಯಲ್ಲೋ ಕಳೆದರೆ ಪೀಠದ ಮೇಲಿನ ಪೇಜ್ ಗುಂಡಿ ಒತ್ತಿರಿ, ಅದು ಕೂಗುತ್ತದೆ. ಬ್ಯಾಟರಿ ಸತ್ತಿದ್ದರೆ ಕೂಗಲಾರದು. ಎರಡು ಹ್ಯಾಂಡ್‌ಸೆಟ್ ಇದ್ದವರು ಒಂದರಿಂದ ಇನ್ನೊಂದಕ್ಕೆ ಖರ್ಚಿಲ್ಲದೆ ಮಾತನಾಡಬಹುದು. ಹಾಸಿಗೆ ಹಿಡಿದವರ ಬಳಿ ಒಂದು, ಕೊಟ್ಟಿಗೆಯಲ್ಲಿ ಒಂದು ಇಡುವ ಕ್ರಮ ಒಳ್ಳೆಯದು.

ಬ್ಯಾಟರಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಸಾಮಾನ್ಯವಾಗಿ ೧.೨ ವೋಲ್ಟಿನ, ಮತ್ತೆ ಮತ್ತೆ ಚಾರ್ಜ್ ಆಗುವ ಎರಡು ಸಣ್ಣ ಸೆಲ್ಲುಗಳಿರುತ್ತವೆ. ಅವುಗಳ ಬದಲಿಗೆ ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲನ್ನು ಎಂದಿಗೂ ಹಾಕಕೂಡದು. ಚಾರ್ಜ್ ಮಾಡಲು ಹೋದಾಗ ಅದು ಸೋರಬಹುದು, ಒಡೆಯಲೂಬಹುದು. ಹೊಸ ಸೆಲ್ಲನ್ನು ಮೊದಲ ಸಲ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು, ಬಹುತೇಕ ೧೫ರಿಂದ ೧೬ ಗಂಟೆ, ಪೀಠದ ಮೇಲೆ ಬಿಡಬೇಕು. ಮಲೆನಾಡಿನ ತೇವಕ್ಕೆ ಚಾರ್ಜಿನ ಲೋಹದ ತುದಿಗಳು ಕಪ್ಪಾಗುತ್ತವೆ. ಪ್ಲಗ್ ತೆಗೆದು ಒಣ ಬಟ್ಟೆಯಿಂದ ಉಜ್ಜಿದರೆ ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು ಹೆಚ್ಚು. ಮೋಡ ಕವಿದು ದೂರದಲ್ಲಿ ಗುಡುಗು ಕೇಳುವಾಗಲೇ ಪೀಠದ ಕರೆಂಟಿನ ಪ್ಲಗ್ಗನ್ನೂ ದೂರವಾಣಿಯ ತಂತಿಯನ್ನೂ ಬೇರ್ಪಡಿಸಬೇಕು. ಸಿಡಿಲು ನೆತ್ತಿಯ ಮೇಲೆ ಬಂದ ಬಳಿಕ ತಂತಿಯ ಫೋನನ್ನು ಹಿಡಿಯುವುದೂ, ಪ್ಲಗ್ ಕೀಳಲು ಹೋಗುವುದೂ ಅಪಾಯಕರ. ಮಳೆ ಸರಿದ ಮೇಲೆ ಎರಡನ್ನೂ ಮರೆಯದೆ ಮತ್ತೆ ಜೋಡಿಸಿ, ಡಯಲ್ ದನಿ ಬರುತ್ತಿದೆಯೇ ಎಂದು ಕೇಳಿಕೊಂಡೇ ಮಲಗಬೇಕು.