ಮಗುವಿನೊಡನೆ ಮನೆಯನ್ನೂ ಅರಿಯುವ ಪರೀಕ್ಷೆ

ದೌರ್ಜನ್ಯಕ್ಕೆ ಒಳಗಾದ ಮಗುವನ್ನು ಮನಃಶಾಸ್ತ್ರಜ್ಞರ ಬಳಿ ಕಳುಹಿಸುವುದು ಅದು ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯುವುದಕ್ಕೆ ಎಂಬ ಭಾವನೆ ಅನೇಕರಲ್ಲಿದೆ. ಆದರೆ ಅದನ್ನು ಖಚಿತವಾಗಿ ಹೇಳಬಲ್ಲ ಮನೋಪರೀಕ್ಷೆ ಯಾವುದೂ ಇಲ್ಲ. ಮಗುವಿನ ಬುದ್ಧಿಯ ಬೆಳವಣಿಗೆ, ನಿದ್ದೆ, ಊಟ, ಭಯ, ಶಾಲೆಯಲ್ಲಿನ ವರ್ತನೆ ಇವುಗಳನ್ನು ಹಲವು ಭೇಟಿಗಳಲ್ಲಿ ಅರಿತು, ಅದಕ್ಕೆ ಯಾವ ಆರೈಕೆ ಬೇಕು, ಆ ಆರೈಕೆಯನ್ನು ಕೊಡಬಲ್ಲವರು ಯಾರಿದ್ದಾರೆ ಎಂದು ಕಂಡುಕೊಳ್ಳುವುದೇ ಮನೋವೈಜ್ಞಾನಿಕ ಮೌಲ್ಯಮಾಪನ.

ಈ ಎರಡನೆಯ ಪ್ರಶ್ನೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಇನ್ನಷ್ಟು ತೊಡಕಿನದು. ಮಹಾರಾಷ್ಟ್ರ, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗುವ ತಂದೆತಾಯಿಗಳು ಎಷ್ಟೋ ಸಲ ಮಕ್ಕಳನ್ನು ಅಜ್ಜ-ಅಜ್ಜಿಯರ ಮಡಿಲಿಗೆ ಬಿಟ್ಟಿರುತ್ತಾರೆ. ಆದ್ದರಿಂದ ಕಾಗದದಲ್ಲಿ ಹೆಸರಿರುವ ಪಾಲಕರು ಒಬ್ಬರು, ಮಗುವಿಗೆ ಉಣ್ಣಿಸಿ ಮಲಗಿಸುವವರು ಇನ್ನೊಬ್ಬರು.

ಮಗುವಿನ ಮಾತನ್ನು ಅದರ ಬೆಳವಣಿಗೆಗೆ ತಕ್ಕಂತೆ ಕೇಳಬೇಕು. ಹನ್ನೊಂದು ವರ್ಷದ ಮಗುವಿನ ಬುದ್ಧಿ ಐದು ವರ್ಷದ ಮಗುವಿನಷ್ಟಿದ್ದರೆ, ಅದು ತಾರೀಖು ಹೇಳಲಾರದ್ದನ್ನು ಸುಳ್ಳಿನ ಗುರುತೆನ್ನಲಾಗದು. ಬುದ್ಧಿಯ ಬೆಳವಣಿಗೆಯನ್ನು ಅಳೆಯಲು ಇಂದಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆ, 1905ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಮಾಪನವನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಹೊಂದಿಸಿದ್ದರ ಫಲ. ಅದರ ಮಾನದಂಡಗಳು ಹಳೆಯವು ಎಂಬ ಆಕ್ಷೇಪ ನ್ಯಾಯವಾದದ್ದು. ಅದಲ್ಲದೆ ಬೆದರಿದ ಮಗು ತನ್ನ ಶಕ್ತಿಗಿಂತ ಕಡಿಮೆ ಅಂಕ ಪಡೆಯುವುದರಿಂದ, ಘಟನೆಯ ಬೆನ್ನಲ್ಲೇ ಬಂದ ಅಂಕವನ್ನು ಶಾಶ್ವತವೆಂದು ಬರೆಯಬಾರದು. ಪ್ರಶ್ನೆಯಂತೂ ತೆರೆದದ್ದಾಗಿರಬೇಕು: 'ಅವನು ಹೊಡೆದನಲ್ಲವೇ?' ಎಂಬುದು ಉತ್ತರವನ್ನು ಮಗುವಿನ ಬಾಯಿಗೆ ತುರುಕುತ್ತದೆ, 'ಆಮ್ಯಾಲ ಏನಾತು?' ಎಂಬುದು ಅದರ ನೆನಪಿಗೆ ದಾರಿ ಬಿಡುತ್ತದೆ. ಅಮೆರಿಕದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ದೌರ್ಜನ್ಯ ಆರೋಪದ ಪ್ರಕರಣದಲ್ಲಿ ಮಕ್ಕಳನ್ನು ಮೊದಲ ಬಗೆಯಲ್ಲಿ ಮತ್ತೆ ಮತ್ತೆ ಕೇಳಿದ್ದರಿಂದ ಅವರ ಹೇಳಿಕೆಗಳೇ ವಿಶ್ವಾಸಾರ್ಹತೆ ಕಳೆದುಕೊಂಡು, ವರ್ಷಗಟ್ಟಲೆ ನಡೆದ ಮೊಕದ್ದಮೆ 1990ರಲ್ಲಿ ಯಾರಿಗೂ ಶಿಕ್ಷೆಯಿಲ್ಲದೆ ಮುಗಿಯಿತು. ಕೇಳುವ ಭಾಷೆಯೂ ಮುಖ್ಯ: ತಾಂಡಾದ ಮಗುವಿಗೆ ಮನೆಮಾತು ಲಂಬಾಣಿಯಾಗಿದ್ದರೆ ಆ ಭಾಷೆ ಬಲ್ಲವರು ಪಕ್ಕದಲ್ಲಿರಬೇಕು. ಊರಿನ ಯಾವ ಹಿರಿಯನನ್ನಾದರೂ 'ಕಾಕಾ' ಎನ್ನುವ ಮಗು ಯಾವ ಕಾಕಾನ ಮಾತಾಡುತ್ತಿದೆ ಎಂಬುದನ್ನೂ ತಾಳ್ಮೆಯಿಂದ ಕೇಳಿ ತಿಳಿಯಬೇಕು.

ಪಾಲಕರನ್ನು ಅರಿಯುವುದಕ್ಕೆ ಕಾನೂನಿನಲ್ಲೇ ಆಧಾರವಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯಡಿ ರೂಪುಗೊಂಡ 2020ರ ನಿಯಮಗಳ ಪ್ರಕಾರ, ಮನೆಯಲ್ಲಿರುವವರೇ ಆರೋಪಿಯಾದಾಗ ಮಗುವನ್ನು ಅಲ್ಲಿಂದ ಬೇರೆಡೆಗೆ ಒಯ್ಯಬೇಕೇ ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ಮೂರು ದಿನಗಳಲ್ಲಿ ನಿರ್ಧರಿಸಬೇಕು. ಆಗ ತಂದೆತಾಯಿಯರ, ಇಲ್ಲವೇ ಮಗು ನಂಬುವ ಬೇರೆ ಯಾರದೇ ಆಗಲಿ, ಆರೈಕೆಯ ಸಾಮರ್ಥ್ಯವನ್ನು ಪರಿಗಣಿಸಬೇಕು. 'ಮಗು ನಂಬುವ ಬೇರೆಯವರು' ಎಂಬ ಈ ಅವಕಾಶದಿಂದಲೇ ಅಜ್ಜಿಗೂ ಸ್ಥಾನ ದೊರೆಯುತ್ತದೆ. ಆಕೆ ಮಗುವಿನ ಮಾತನ್ನು ನಂಬುತ್ತಾಳೆಯೇ, ಆರೋಪಿಯ ಅನ್ನದ ಹಂಗಿನಲ್ಲಿದ್ದಾಳೆಯೇ, ರಾಜಿಗೆ ಒತ್ತಾಯಿಸುವ ಬೀಗರ ಎದುರು ನಿಲ್ಲಬಲ್ಲಳೇ, ತಾನೇ ಹಿಂದೆ ಹೊಡೆತ ತಿಂದು ಬಾಳಿದವಳೇ ಎಂಬುದನ್ನೆಲ್ಲ ಆಪಾದನೆಯ ದನಿಯಿಲ್ಲದೆ ಕೇಳಬೇಕು. ಮನೆಯವರು ನಂಬಿ ಬೆನ್ನಿಗೆ ನಿಂತ ಮಕ್ಕಳು ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಎಂಬುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಯಾದ್ದರಿಂದ, ಪಾಲಕರ ದುಃಖಕ್ಕೆ ಕೊಡುವ ಆಪ್ತಸಮಾಲೋಚನೆಯೂ ಮಗುವಿನ ಚಿಕಿತ್ಸೆಯ ಭಾಗವೇ ಆಗಿದೆ.

ಈ ತಾಲ್ಲೂಕುಗಳಿಂದ ಮೌಲ್ಯಮಾಪನಕ್ಕೆ ಬರಬೇಕಾದ ಜಿಲ್ಲಾ ಕೇಂದ್ರ ಸುಮಾರು 40ರಿಂದ 80 ಕಿಲೊಮೀಟರ್ ದೂರದಲ್ಲಿದೆ. ಕೂಲಿ ಬಿಟ್ಟು ಒಮ್ಮೆ ಬಂದ ಅಜ್ಜಿ ಎರಡನೆಯ ಸಲ ಬಾರದಿದ್ದರೆ ಅದನ್ನು ಅಸಡ್ಡೆಯೆಂದು ವರದಿಯಲ್ಲಿ ಬರೆಯುವುದು ಅನ್ಯಾಯ. ಅದರ ಬದಲು, ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಸಮಿತಿ ನೇಮಿಸಬಹುದಾದ 'ಬೆಂಬಲ ವ್ಯಕ್ತಿ' ಆ ಮನೆಗೇ ಹೋಗಿ ವಿಚಾರಿಸಬೇಕು. ತಂದೆತಾಯಿ ಗುಳೆಯಿಂದ ಮರಳಿದ ಮೇಲೆ ಮೌಲ್ಯಮಾಪನವನ್ನು ಅವರನ್ನೂ ಕೂರಿಸಿಕೊಂಡು ಮತ್ತೊಮ್ಮೆ ಮಾಡಬೇಕು.